ಬಡ್ಡಿನೋ, ಗಂಟೋ?

ಕಾಕಾ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ ಕಲಬುರಗಿಯ ಪ್ಲಾಟ್ ಮಾರಾಟವಾಯಿತು. ಕೊಡುವುದೆಲ್ಲ ಕೊಟ್ಟ ಮೇಲೆ ಕಾಕುನ ಖಾತೆಯಲ್ಲಿ ಉಳಿದದ್ದು 48 ಲಕ್ಷ ರೂಪಾಯಿ. ಕಾಕುಗೆ ಈಗ 66 ವರ್ಷ. ಕಾಕಾ ದುಡಿದದ್ದು ಖಾಸಗಿ ಕಂಪನಿಯಲ್ಲಿ, ಹಾಗಾಗಿ ಕಾಕುಗೆ ಬರುವ ಇಪಿಎಸ್ ಪಿಂಚಣಿ ತಿಂಗಳಿಗೆ 2,100 ರೂಪಾಯಿ. ನಾಂಪಲ್ಲಿಯ ರೆಡ್ ಹಿಲ್ಸ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ರೇಷನ್ನು, ಔಷಧ, ಕೆಲಸದಾಕೆ, ಕರೆಂಟು, ಎಲ್ಲ ಕೂಡಿಸಿದರೆ ತಿಂಗಳಿಗೆ 31,000 ಬೇಕು.

ಲೆಕ್ಕ ಇಷ್ಟೇ. ಆದರೆ ಅದರ ಹಿಂದೆ ಇನ್ನೊಂದು ಮಾತಿತ್ತು. ಈ 31,000 ಹೊಂದದಿದ್ದರೆ ಕಾಕು ಮಗನ ಹತ್ತಿರ ಕೆನಡಾಕ್ಕೆ ಹೋಗಬೇಕು, ಇಲ್ಲವೇ ಗಚ್ಚಿಬೌಲಿ ಕಡೆಯ ನಮ್ಮ ಫ್ಲಾಟಿಗೆ ಬರಬೇಕು. ಎರಡೂ ಆಕೆಗೆ ಬೇಡ. ಬೀದರ, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದು ನಿಜಾಮರ ಕಾಲದಿಂದಲೂ ಪರವೂರಲ್ಲ. ಅದರಲ್ಲೂ ನಾಂಪಲ್ಲಿ ಸ್ಟೇಷನ್ನಿನಲ್ಲಿ ಹುಸೇನ್ ಸಾಗರ ಗಾಡಿ ಹತ್ತಿದರೆ ವಾಡಿ ದಾಟಿ ಕಲಬುರಗಿಯಲ್ಲಿ ಇಳಿಯಬಹುದು. ಗಚ್ಚಿಬೌಲಿಯ ಹದಿನಾಲ್ಕನೇ ಮಹಡಿಯಿಂದ ಆಕೆಗೆ ಕಾಣುವುದು ಇನ್ನೊಂದು ಹದಿನಾಲ್ಕನೇ ಮಹಡಿ ಮಾತ್ರ. "ನನ್ನ ರೊಕ್ಕದಾಗ ನಾ ಇರ್ತೀನಿ. ಮಂದಿ ಮುಂದ ಕೈ ಚಾಚೋದು ಬ್ಯಾಡ, ಮಗನ ಮುಂದನೂ ಬ್ಯಾಡ" ಅಂದಳು.

ದುಡ್ಡು ಬಂದ ಸುದ್ದಿ ಹರಡಿದ ತಿಂಗಳೊಳಗೆ ಮೂರು ಸಲಹೆ ಬಂದವು. ಕೆನಡಾದಲ್ಲಿರುವ ತಮ್ಮ, ಎಂದರೆ ಕಾಕುನ ಮಗ, ಒಂದು ಫೈಲ್ ಕಳಿಸಿದ: "ಅಣ್ಣಾ, ಇಲ್ಲಿ ಸ್ಪ್ಲಿಟ್ ಶೇರ್ ಅಂತ ಫಂಡ್ ಅದಾವ. ವರ್ಷಕ್ಕ ಶೇಕಡಾ 17. ಅದೂ ತಿಂಗಳಾ ತಿಂಗಳಾ ಕೊಡ್ತಾರ." ಬ್ಯಾಂಕಿನ ಹುಡುಗ ಮೂರೂವರೆ ವರ್ಷದ ಕ್ಲೋಸ್ಡ್ ಎಂಡ್ ಫಂಡ್ ಒಂದರ ಬಣ್ಣದ ಹಾಳೆ ಕೊಟ್ಟುಹೋದ. ಪಕ್ಕದ ಮನೆಯ ನಿವೃತ್ತ ಎಂಜಿನಿಯರರು ಇನ್ವಿಟ್ ತೊಗೊಳ್ಳಿ ಅಂದರು. ಮೂವರ ಹಾಳೆಯಲ್ಲೂ ದಪ್ಪಕ್ಷರದಲ್ಲಿದ್ದ ಪದ ಒಂದೇ: ಆದಾಯ.

ಕಾಕು ಏಳನೇ ಇಯತ್ತೆ ಓದಿದವಳು. ಮೂರೂ ಹಾಳೆ ಮುಂದಿಟ್ಟಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಏನಪಾ, ಇವರು ಕೊಡೋದು ಬಡ್ಡಿನೋ, ನನ್ನ ಗಂಟೋ?"

ಈ ಪ್ರಶ್ನೆ ಹಿಡಿದುಕೊಂಡು ನಾನು ಮೂರು ವಾರ ಓದಿದೆ. ಊರಲ್ಲಿ ಅಪ್ಪ ಅಮ್ಮನ ದುಡ್ಡನ್ನು ದೂರದಿಂದಲೇ ಹೊಂದಿಸುತ್ತಿರುವ ನಮ್ಮಂಥವರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆನಡಾದ ಸ್ಪ್ಲಿಟ್ ಶೇರ್. ಕಾಕುಗೆ ಇದನ್ನು ಹೇಳಲು ನನಗೆ ಒದಗಿದ್ದು ನಮ್ಮ ಹೊಲದ ಲಾವಣಿ. ಹೊಲ ಲಾವಣಿಗೆ ಹಾಕಿದರೆ ಮಾಲೀಕನಿಗೆ ವರ್ಷಕ್ಕೆ ಇಂತಿಷ್ಟು ಚೀಲ ತೊಗರಿ ಮೊದಲು ಅಳೆದುಕೊಡಬೇಕು. ಉಳಿದದ್ದು ಬಿತ್ತಿದವನದು. ಮಳೆ ಚೆನ್ನಾಗಿ ಆದರೆ ಬಿತ್ತಿದವನ ಮನೆ ತುಂಬುತ್ತದೆ. ಮಳೆ ಕೈಕೊಟ್ಟರೆ ಮಾಲೀಕನ ಚೀಲ ಹೋಗಿ ಅವನಿಗೆ ಬರೀ ಕಟಗಿ. ಸ್ಪ್ಲಿಟ್ ಶೇರ್ ಕೂಡ ಹಾಗೆಯೇ. ಒಂದು ಕಂಪನಿ ಕೆನಡಾದ ದೊಡ್ಡ ಬ್ಯಾಂಕುಗಳಂಥ ಷೇರುಗಳನ್ನು ಕೊಂಡು ಒಂದು ಕಣಜ ಮಾಡುತ್ತದೆ. ಆ ಕಣಜದ ಮೇಲೆ ಎರಡು ಬಗೆಯ ಷೇರು ಹಂಚುತ್ತದೆ. ಪ್ರಿಫರ್ಡ್ ಷೇರಿನವನಿಗೆ ನಿಗದಿತ ಲಾಭಾಂಶ, ಅವಧಿ ಮುಗಿದಾಗ ನಿಗದಿತ ಅಸಲು, ಎರಡೂ ಮೊದಲು ಸಲ್ಲಬೇಕು. ಉಳಿದ ಏರಿಳಿತವೆಲ್ಲ ಇನ್ನೊಬ್ಬನದು, ಎಂದರೆ ಕ್ಲಾಸ್ ಎ ಅಥವಾ ಕ್ಯಾಪಿಟಲ್ ಷೇರಿನವನದು. ತಮ್ಮ ಕಳಿಸಿದ ಶೇಕಡಾ 17 ಈ ಎರಡನೆಯವನದು.

ಲೆಕ್ಕ ಹಾಕಿ ನೋಡೋಣ. ಇಂಥ ಫಂಡಿನಲ್ಲಿ ಸಾಮಾನ್ಯವಾಗಿ ಕಾಣುವ ಅಳತೆಯನ್ನೇ ಇಟ್ಟುಕೊಳ್ಳೋಣ: 25 ಡಾಲರಿನ ಒಂದು ಯೂನಿಟ್, ಅದರಲ್ಲಿ 10 ಪ್ರಿಫರ್ಡ್, 15 ಕ್ಲಾಸ್ ಎ. ಕಣಜದೊಳಗಿನ ಷೇರುಗಳು ಶೇಕಡಾ 20 ಇಳಿದವು ಅನ್ನಿ. 25 ಹೋಗಿ 20 ಆಯಿತು. ಪ್ರಿಫರ್ಡಿನ 10 ಅಲುಗಲಿಲ್ಲ. ಕ್ಲಾಸ್ ಎ 15ರಿಂದ 10ಕ್ಕೆ ಬಂತು, ಮೂರನೇ ಒಂದು ಭಾಗ ಹೋಯಿತು. ಶೇಕಡಾ 40 ಇಳಿದರೆ ಯೂನಿಟ್ 15, ಕ್ಲಾಸ್ ಎ ಬರೀ 5. ಹಲವು ಫಂಡುಗಳ ನಿಯಮ ಇಲ್ಲೇ ಕಚ್ಚುತ್ತದೆ: ಯೂನಿಟ್‌ನ ಮೌಲ್ಯ 15 ಡಾಲರಿಗಿಂತ ಕೆಳಗಿಳಿದರೆ ಕ್ಲಾಸ್ ಎಗೆ ಆ ತಿಂಗಳ ಹಣ ಇಲ್ಲ. 2020ರ ಮಾರ್ಚಿನಲ್ಲಿ ಪೇಟೆ ಕುಸಿದಾಗ ಕೆನಡಾದಲ್ಲಿ ಇಂಥ ಹಲವು ಫಂಡುಗಳು ಮಾಸಿಕ ಹಂಚಿಕೆ ನಿಲ್ಲಿಸಿದವು. ಲಾಕ್‌ಡೌನ್ ಇದ್ದ ತಿಂಗಳಲ್ಲೇ ಔಷಧದ ದುಡ್ಡು ನಿಲ್ಲುವುದೆಂದರೆ ಏನೆಂದು ಯೋಚಿಸಿ.

ಹಾಗಾದರೆ ಶೇಕಡಾ 17 ಎಲ್ಲಿಂದ ಬಂತು? ಕ್ಲಾಸ್ ಎ ಷೇರಿಗೆ ತಿಂಗಳಿಗೆ 10 ಸೆಂಟ್, ವರ್ಷಕ್ಕೆ 1.20 ಡಾಲರ್ ಎಂದು ಗುರಿ ಇಟ್ಟಿರುತ್ತಾರೆ. ಶುರುವಿನ 15 ಡಾಲರಿಗೆ ಅದು ಶೇಕಡಾ 8. ಆದರೆ ಷೇರಿನ ಬೆಲೆ 7 ಡಾಲರಿಗೆ ಇಳಿದ ಮೇಲೂ ಅದೇ 1.20 ಕೊಡುತ್ತಿದ್ದರೆ ಹಾಳೆಯ ಮೇಲೆ ಶೇಕಡಾ 17 ಎಂದು ಕಾಣುತ್ತದೆ. ಅಂದರೆ ದೊಡ್ಡ ಸಂಖ್ಯೆ ಫಂಡಿನ ಬಲದ ಗುರುತಲ್ಲ. ಯೂನಿಟ್ ಆ 15ರ ಗೆರೆಯ ಹತ್ತಿರ ಬಂದಿದೆ ಎಂಬುದರ ಗುರುತು. ಕ್ಲಾಸ್ ಎ ಬೆಲೆ 7, ಪ್ರಿಫರ್ಡ್ 10, ಕೂಡಿಸಿದರೆ 17. ಕಣಜ ಇನ್ನು ಶೇಕಡಾ 12ರಷ್ಟು ಇಳಿದರೆ ಸಾಕು, ಹಂಚಿಕೆ ಬಂದ್.

ಇನ್ನೊಂದು ಲೆಕ್ಕ ಕಾಕುನ ಪ್ರಶ್ನೆಗೆ ನೇರ ಉತ್ತರ. 25 ಡಾಲರಿನ ಬ್ಯಾಂಕ್ ಷೇರು ಶೇಕಡಾ 4 ಲಾಭಾಂಶ ಕೊಟ್ಟರೆ ಕಣಜಕ್ಕೆ ವರ್ಷಕ್ಕೆ 1 ಡಾಲರ್ ಬಂತು. ಪ್ರಿಫರ್ಡಿನವನಿಗೆ 55 ಸೆಂಟ್ ಹೋಯಿತು ಅನ್ನಿ, ನಡೆಸುವವರ ಖರ್ಚು 25 ಸೆಂಟ್. ಉಳಿದದ್ದು 20 ಸೆಂಟ್. ಕೊಡಬೇಕಾದದ್ದು 1.20. ಕೊರತೆಯ 1 ಡಾಲರನ್ನು ಷೇರು ಮಾರಿ, ಆಪ್ಷನ್ ಬರೆದು ಅಥವಾ ಬೆಲೆ ಏರಿಕೆಯಿಂದ ತರಬೇಕು. ಪೇಟೆ ಏರಿದ ವರ್ಷ ಅದು ಲಾಭ. ಏರದ ವರ್ಷ ಅದು ಗಂಟು.

ಇಂಗ್ಲೆಂಡಿನವರು ಈ ಪಾಠವನ್ನು ದುಬಾರಿ ಬೆಲೆಗೆ ಕಲಿತರು. ಅಲ್ಲಿ ಇದೇ ಜಾತಿಯ ಸ್ಪ್ಲಿಟ್ ಕ್ಯಾಪಿಟಲ್ ಟ್ರಸ್ಟುಗಳು 1990ರ ದಶಕದ ಕೊನೆಗೆ ಹಬ್ಬಿದವು. ಹೆಚ್ಚು ಆದಾಯ ತೋರಿಸಲು ಹಲವು ಟ್ರಸ್ಟುಗಳು ಬ್ಯಾಂಕ್ ಸಾಲ ಮಾಡಿದವು, ಒಂದು ಟ್ರಸ್ಟಿನ ಷೇರನ್ನು ಇನ್ನೊಂದು ಕೊಂಡಿತು. ಪೇಟೆ ಇಳಿದಾಗ, 2001-02ರಲ್ಲಿ, ಒಂದರ ಮೇಲೊಂದು ಬಿದ್ದವು. ಕಡಿಮೆ ಅಪಾಯದ್ದೆಂದು ಮಾರಿದ್ದ ಝೀರೋ ಎಂಬ ಮೊದಲ ಸಾಲಿನ ಷೇರುಗಳೂ ಮುಳುಗಿದವು. 2004ರ ಡಿಸೆಂಬರಿನಲ್ಲಿ 18 ಸಂಸ್ಥೆಗಳು ಸೇರಿ 19.4 ಕೋಟಿ ಪೌಂಡ್ ಪರಿಹಾರಕ್ಕೆ ಒಪ್ಪಿದವು. ಲಾವಣಿ ಪಡೆಯುವ ಮಾಲೀಕ ಸುರಕ್ಷಿತ ಎನ್ನುವುದು ಹೊಲ ಅಡವಿಟ್ಟಿಲ್ಲದಿದ್ದಾಗ ಮಾತ್ರ ನಿಜ.

ಇದನ್ನೆಲ್ಲ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನಿಗೂ ತಾಯಿಯ ಮೇಲೆ ಅಕ್ಕರೆಯೇ. "ನಾನೇ ಇಲ್ಲಿ ಕೊಂಡು ತಿಂಗಳಾ ಕಳಿಸ್ತೀನಿ ಅಣ್ಣಾ, ನಿಂತ್ರ ನನ್ನ ಕೈಯಿಂದ ಹಾಕ್ತೀನಿ" ಅಂದ. ಕಾಕು ಬೇಡ ಅಂದದ್ದು ಅದನ್ನೇ ಅಲ್ಲವೇ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೌದು" ಅಂದ.

ಇನ್ನು ಬ್ಯಾಂಕಿನ ಹುಡುಗನ ಕ್ಲೋಸ್ಡ್ ಎಂಡ್. ನಮ್ಮಲ್ಲಿ ಸಾಮಾನ್ಯ ಹೂಡಿಕೆದಾರನಿಗೆ ಷೇರು ಒಡೆದು ಕೊಡುವ ಫಂಡ್ ಸಿಗುವುದಿಲ್ಲ. ಆದರೆ ಮುಚ್ಚಿದ ಫಂಡ್ ಹಳೆಯದು. ಒಮ್ಮೆ ದುಡ್ಡು ಸೇರಿಸಿ ಬಾಗಿಲು ಹಾಕುತ್ತಾರೆ. ನಡುವೆ ಬೇಕಾದರೆ ಫಂಡಿನವರು ಕೊಡುವುದಿಲ್ಲ, ಷೇರು ಪೇಟೆಯಲ್ಲಿ ಕೊಳ್ಳುವವನನ್ನು ಹುಡುಕಿ ಮಾರಬೇಕು. ಯುಟಿಐ 1986ರಲ್ಲಿ ತಂದ ಮಾಸ್ಟರ್‌ಶೇರ್ ಇದರಲ್ಲಿ ಮೊದಲಿನದು. 1994ರ ಜನವರಿಯ ಮಾರ್ಗನ್ ಸ್ಟ್ಯಾನ್ಲಿ ಗ್ರೋತ್ ಫಂಡ್ ನಮ್ಮ ಹಿರಿಯರಿಗೆ ನೆನಪಿರಬೇಕು. ಅರ್ಜಿ ಫಾರಂಗೆ ಜನ ಸಾಲು ಹಚ್ಚಿದ್ದರು, ಸುಮಾರು ಸಾವಿರ ಕೋಟಿ ರೂಪಾಯಿ ಸೇರಿತು. ಅವಧಿ 15 ವರ್ಷ. ಪೇಟೆಗೆ ಬಂದ ಮೇಲೆ ಅದರ ಯೂನಿಟ್ ವರ್ಷಗಟ್ಟಲೆ ಎನ್‌ಎವಿಗಿಂತ ಕಡಿಮೆ ಬೆಲೆಗೆ ಮಾರಾಟವಾಯಿತು. ಫಂಡಿನೊಳಗೆ 10 ರೂಪಾಯಿಯ ಆಸ್ತಿ ಇದ್ದರೂ ತುರ್ತಿಗೆ ಮಾರಲು ಹೋದವನಿಗೆ 10 ಸಿಗುತ್ತಿರಲಿಲ್ಲ. 2009ರಲ್ಲಿ ಅದನ್ನು ಓಪನ್ ಎಂಡ್ ಮಾಡಿದ ಮೇಲೆಯೇ ಬಾಗಿಲು ತೆರೆದದ್ದು.

ಈ ಕಡಿತದ ಬೆಲೆಯನ್ನು ಹೊರಗಿನವರು ಅವಕಾಶ ಎನ್ನುತ್ತಾರೆ, ನೂರರ ವಸ್ತು ಎಂಬತ್ತಕ್ಕೆ ಸಿಗುತ್ತದಲ್ಲ ಎಂದು. ಕೊಳ್ಳುವವನಿಗೆ ಅದು ನಿಜ. ಹತ್ತು ವರ್ಷ ಕಾಯಬಲ್ಲ ಮೂವತ್ತರ ಹುಡುಗನಿಗೂ ಸರಿ. ಆಸ್ಪತ್ರೆಗೆ ಸೇರಿದ ದಿನ ಮಾರಬೇಕಾದವಳಿಗೆ ಅಲ್ಲ.

ಹುಡುಗನ ಹಾಳೆಯಲ್ಲಿ ಇನ್ನೊಂದು ಸಣ್ಣಕ್ಷರದ ಪದವಿತ್ತು: ಐಡಿಸಿಡಬ್ಲ್ಯು. ಮೊದಲು ಇದಕ್ಕೆ ಡಿವಿಡೆಂಡ್ ಎನ್ನುತ್ತಿದ್ದರು. ಡಿವಿಡೆಂಡ್ ಎಂದೊಡನೆ ಜನ ಹೆಚ್ಚುವರಿ ಲಾಭ ಎಂದು ತಿಳಿಯುತ್ತಾರೆಂದು ಸೆಬಿ 2021ರ ಏಪ್ರಿಲ್ 1ರಿಂದ ಹೆಸರು ಬದಲಿಸಿತು. ಹೊಸ ಹೆಸರಿನ ಅರ್ಥ: ಆದಾಯ ಹಂಚಿಕೆ ಮತ್ತು ಬಂಡವಾಳ ಹಿಂತೆಗೆತ. ಕಾಕು ಕೇಳಿದ ಪ್ರಶ್ನೆಯನ್ನೇ ಸೆಬಿ ಹೆಸರಿನೊಳಗೆ ಸೇರಿಸಿತು. ಆದರೆ ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಕ್ಷೇಪದಲ್ಲಿ ಅದು ಮತ್ತೆ ಮುಚ್ಚಿಹೋಯಿತು.

ನಿಗದಿತ ಅವಧಿಯ ಎಫ್‌ಎಂಪಿಗಳೂ ಇವೆಯಲ್ಲ ಎಂದು ಕೆಲವರು ಕೇಳಬಹುದು. 2019ರ ಏಪ್ರಿಲ್‌ನಲ್ಲಿ ಎಸ್ಸೆಲ್ ಗುಂಪಿನ ಸಾಲಪತ್ರ ಇಟ್ಟುಕೊಂಡಿದ್ದ ಕೆಲವು ಎಫ್‌ಎಂಪಿಗಳಿಗೆ ಅವಧಿ ಮುಗಿದ ದಿನ ಪೂರ್ತಿ ಹಣ ಕೊಡಲಾಗಲಿಲ್ಲ. 2023ರ ಏಪ್ರಿಲ್ ನಂತರ ಕೊಂಡವಕ್ಕೆ ಹಳೆಯ ತೆರಿಗೆ ಅನುಕೂಲವೂ ಹೋಯಿತು.

ಯುಎಸ್-64ರ ಕಥೆ ಇಲ್ಲಿ ಬೇಕೇ ಬೇಕು. ಅದು ಮುಚ್ಚಿದ ಫಂಡ್ ಅಲ್ಲ, 1964ರಲ್ಲಿ ಶುರುವಾದ ತೆರೆದ ಫಂಡ್. ನಿವೃತ್ತರು, ವಿಧವೆಯರು, ಮಾಸ್ತರರು ಅದನ್ನು ಬ್ಯಾಂಕಿನಂತೆ ನಂಬಿದ್ದರು. ಸುಮಾರು 2 ಕೋಟಿ ಜನ ಅದರಲ್ಲಿದ್ದರು. ಅದರ ಕೊಳ್ಳುವ, ಮಾರುವ ಬೆಲೆಯನ್ನು ಯುಟಿಐ ಘೋಷಿಸುತ್ತಿತ್ತು, ಒಳಗಿನ ಆಸ್ತಿಯ ನಿಜ ಮೌಲ್ಯಕ್ಕೆ ಅದು ಕಟ್ಟುಬಿದ್ದಿರಲಿಲ್ಲ. ವರ್ಷ ವರ್ಷ ಒಳ್ಳೆಯ ಡಿವಿಡೆಂಡ್ ಬರುತ್ತಿತ್ತು. ಗಂಟು ಎಷ್ಟಿದೆಯೆಂದು ಯಾರಿಗೂ ಕಾಣುತ್ತಿರಲಿಲ್ಲ. 2001ರ ಜುಲೈ 2ರಂದು ಮಾರಾಟ, ಮರುಖರೀದಿ ಎರಡನ್ನೂ ಆರು ತಿಂಗಳು ನಿಲ್ಲಿಸಿದರು. ಕೊನೆಗೆ ಸರ್ಕಾರ ಕೈಹಿಡಿಯಬೇಕಾಯಿತು, ಯುಟಿಐ ಎರಡು ಭಾಗವಾಯಿತು, ಯೂನಿಟ್‌ದಾರರಿಗೆ ಶೇಕಡಾ 6.75ರ ಬಾಂಡ್ ಸಿಕ್ಕಿತು. ಡಿವಿಡೆಂಡ್ ತಪ್ಪದೆ ಬರುತ್ತಿದೆ ಎನ್ನುವುದು ಗಂಟು ಕ್ಷೇಮವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಮೂರನೆಯದು ಪಕ್ಕದ ಮನೆಯವರ ಇನ್ವಿಟ್. ಇದರಲ್ಲಿ ಮೋಸವಿಲ್ಲ, ಆದರೆ ಓದಿ ಅರ್ಥಮಾಡಿಕೊಳ್ಳಬೇಕು. ಬೆಂಗಳೂರಿಂದ ಹುಬ್ಬಳ್ಳಿ ಕಡೆ ಹೋಗುವವರಿಗೆಲ್ಲ ತುಮಕೂರು-ಚಿತ್ರದುರ್ಗ ರಸ್ತೆ ಗೊತ್ತು. ಅಲ್ಲಿ ನಾವು ಕಟ್ಟುವ ಟೋಲ್ ಐಆರ್‌ಬಿ ಇನ್ವಿಟ್ ಫಂಡ್‌ಗೆ ಹೋಗುತ್ತದೆ. 2017ರ ಮೇ ತಿಂಗಳಲ್ಲಿ 102 ರೂಪಾಯಿಗೆ ಅದರ ಯೂನಿಟ್ ಹಂಚಿದರು. ಟೋಲಿನ ದುಡ್ಡಿನಲ್ಲಿ ಸಾಲ, ಖರ್ಚು ಕಳೆದು ಉಳಿದದ್ದರ ಬಹುಪಾಲು ಯೂನಿಟ್‌ದಾರರಿಗೆ ಹಂಚಲೇಬೇಕು. ಆದರೆ ರಸ್ತೆ ಫಂಡಿನದಲ್ಲ, ಗುತ್ತಿಗೆಯದು. ಗುತ್ತಿಗೆ ಮುಗಿದ ದಿನ ರಸ್ತೆ ಸರ್ಕಾರಕ್ಕೆ, ಫಂಡಿನ ಕೈಯಲ್ಲಿ ಏನೂ ಇಲ್ಲ. ಇದೇ ಫಂಡಿನ ಭರೂಚ್-ಸೂರತ್ ರಸ್ತೆಯ ಗುತ್ತಿಗೆ 2022ರಲ್ಲಿ ಮುಗಿಯಿತು. ಹಾಗಾಗಿ ಬರುವ ಪ್ರತಿ ಹಂಚಿಕೆಯಲ್ಲೂ ನಿಮ್ಮ ಅಸಲಿನ ಒಂದು ಚೂರು ಇರುತ್ತದೆ. ಯೂನಿಟ್ ಮುಂದಿನ ವರ್ಷಗಳಲ್ಲಿ 102ಕ್ಕಿಂತ ಬಹಳ ಕೆಳಗೆ ವಹಿವಾಟಾಗಿದ್ದಕ್ಕೆ ಇದೂ ಒಂದು ಕಾರಣ.

ಪವರ್‌ಗ್ರಿಡ್ ಇನ್ವಿಟ್ 2021ರಲ್ಲಿ 100 ರೂಪಾಯಿಗೆ ಬಂತು, ಮೊದಲ ವರ್ಷಗಳಲ್ಲಿ ಮೂರು ತಿಂಗಳಿಗೊಮ್ಮೆ 3 ರೂಪಾಯಿ ಕೊಟ್ಟಿತು. ಶೇಕಡಾ 12 ಎಂದು ಹಿಗ್ಗಿದವರು ಎಷ್ಟೋ ಮಂದಿ. ಬೆಲೆ ನೂರರ ಕೆಳಗೆ ಇಳಿದಾಗ ಬೈದವರೂ ಅವರೇ. ವಿದ್ಯುತ್ ತಂತಿಯ ಒಪ್ಪಂದಕ್ಕೂ ಕೊನೆ ಇದೆ. ಕೊಟ್ಟ ಹನ್ನೆರಡರಲ್ಲಿ ಬಡ್ಡಿ ಎಷ್ಟು, ಅಸಲಿನ ಮರಳಿಕೆ ಎಷ್ಟು ಎಂದು ಪ್ರತಿ ಹಂಚಿಕೆಯ ಜೊತೆ ಬಿಡಿಸಿ ಬರೆದಿರುತ್ತಾರೆ. ಅದನ್ನು ಓದುವವರು ಕಡಿಮೆ.

ಕಟ್ಟಡದ ರೀಟ್ ಸ್ವಲ್ಪ ಬೇರೆ. 2019ರಲ್ಲಿ ಬಂದ ಬೆಂಗಳೂರಿನ ಎಂಬೆಸಿ ದೇಶದ ಮೊದಲ ರೀಟ್. 2020ರಲ್ಲಿ ಬಂದ ಮೈಂಡ್‌ಸ್ಪೇಸ್‌ಗೆ ಇಲ್ಲಿಯ ಮಾಧಾಪುರದ ದೊಡ್ಡ ಐಟಿ ಪಾರ್ಕ್ ಸೇರಿದೆ. ನಮ್ಮಂಥವರು ಕೂತು ಕೆಲಸ ಮಾಡುವ ಕಟ್ಟಡಗಳ ಬಾಡಿಗೆ ಅದು. ಬಾಡಿಗೆ ಕಾಲಕಾಲಕ್ಕೆ ಏರುತ್ತದೆ, ಕಟ್ಟಡ ಉಳಿಯುತ್ತದೆ. ಎಲ್ಲರೂ ಮನೆಯಿಂದ ಕೆಲಸ ಮಾಡಿದ ವರ್ಷ ಯೂನಿಟ್‌ನ ಬೆಲೆ ಏನಾಯಿತೆಂದು ನೋಡಿದವರಿಗೆ ಅದರ ಅಪಾಯವೂ ಗೊತ್ತು. ಇದರ ಹಂಚಿಕೆಯಲ್ಲೂ ಸಾಲ ಮರುಪಾವತಿ ಎಂಬ ಹೆಸರಿನಲ್ಲಿ ಗಂಟಿನ ಪಾಲು ಇರುತ್ತದೆ.

ಬಡ್ಡಿ ತಿಂದು ಗಂಟು ಉಳಿಸುವುದಕ್ಕೆ ಕಾಕುನ ಮನೆಯ ಹತ್ತಿರವೇ ಒಂದು ಉದಾಹರಣೆ ಇದೆ, ಸಂಜೆ ಹೊತ್ತು ಧ್ವನಿವರ್ಧಕ ಕೇಳುವಷ್ಟು ಹತ್ತಿರ. ಅದು ನಾಂಪಲ್ಲಿಯ ನುಮಾಯಿಷ್. ಉಸ್ಮಾನಿಯಾ ಪದವೀಧರರು 1938ರಲ್ಲಿ ಪಬ್ಲಿಕ್ ಗಾರ್ಡನ್‌ನಲ್ಲಿ ಹತ್ತು ದಿನದ ಪ್ರದರ್ಶನವಾಗಿ ಶುರುಮಾಡಿದರು. ರಾಜ್ಯದ ಆರ್ಥಿಕ ಸಮೀಕ್ಷೆಗೆ ಹಣ ಕೂಡಿಸುವುದು ಉದ್ದೇಶ, ಕೈಯಲ್ಲಿದ್ದ ಬಂಡವಾಳ ಎರಡೂವರೆ ರೂಪಾಯಿ ಎಂದು ಇಲ್ಲಿಯವರು ಇವತ್ತಿಗೂ ಹೇಳುತ್ತಾರೆ. 1946ರಲ್ಲಿ ಈಗಿನ ಮೈದಾನಕ್ಕೆ ಬಂತು. ಜನವರಿಯಿಂದ ಫೆಬ್ರವರಿ ನಡುವಿನವರೆಗೆ ನಡೆಯುವ ಈ ಜಾತ್ರೆಯ ಅಂಗಡಿ ಬಾಡಿಗೆ, ಟಿಕೆಟ್ಟಿನ ಹಣದಲ್ಲಿ ಎಕ್ಸಿಬಿಷನ್ ಸೊಸೈಟಿ ಶಾಲೆ ಕಾಲೇಜು ನಡೆಸುತ್ತದೆ. ಮೈದಾನದೊಳಗಿನ ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ ಅದರದೇ. ಜಾತ್ರೆ ಮುಗಿದ ಮೇಲೂ ಮೈದಾನ ಅಲ್ಲೇ ಇರುತ್ತದೆ, ಮುಂದಿನ ಜನವರಿಗೆ ಮತ್ತೆ ಬಾಡಿಗೆ. ಕಾಕುಗೆ ಇದನ್ನು ಹೇಳಿದಾಗ "ಅದು ಬಡ್ಡಿ ಆತು ನೋಡು" ಅಂದಳು.

ಹಾಗೆಂದು ಗಂಟು ಮುಟ್ಟಲೇಬಾರದು ಎಂದು ನಾನು ತೀರ್ಮಾನಿಸಿ ಕೂತಿದ್ದೆ. ಕೆಲಸದಲ್ಲೂ ಹಾಗೆಯೇ ನನಗೆ ರೂಢಿ, ಮೀಸಲು ಮುಟ್ಟುವುದಿಲ್ಲ. ಕಾಕು ಒಪ್ಪಲಿಲ್ಲ. "ನಾ ಏನ್ ನೂರು ವರ್ಷ ಇರ್ತೀನೇನಪಾ? ನಿಮ್ಮ ಕಾಕಾ ಪ್ಲಾಟ್ ತೊಗೊಂಡಿದ್ದು ಇದಕ್ಕ. ಗಂಟು ಕರಗಿದ್ರ ಕರಗಲಿ. ಆದ್ರ ನನಗ ಗೊತ್ತಾಗಿ ಕರಗಲಿ."

ಮೂರು ವಾರದ ಓದಿನಲ್ಲಿ ನನಗೆ ಸಿಗದ ಮಾತು ಇದು. ಅಸಲು ತಿನ್ನುವುದು ತಪ್ಪಲ್ಲ, ಮುಪ್ಪಿಗೆಂದೇ ಕೂಡಿಟ್ಟದ್ದು ಅದು. ಆದಾಯ ಎಂಬ ಹೆಸರಿನಲ್ಲಿ ಅಸಲನ್ನು ತಿನ್ನಿಸುವುದು ತೊಂದರೆ. ತಿನ್ನುತ್ತಿರುವವಳಿಗೆ ಬುಟ್ಟಿಯ ತಳ ಎಷ್ಟು ದೂರವಿದೆಯೆಂದು ತಿಳಿಯುವುದಿಲ್ಲ.

ಕೊನೆಗೆ ಹೀಗೆ ಮಾಡಿದೆವು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಮಿತಿಯಷ್ಟು, 30 ಲಕ್ಷ. ಶೇ. 8.2ರಂತೆ ಮೂರು ತಿಂಗಳಿಗೆ 61,500, ತಿಂಗಳಿಗೆ 20,500 ಬಿತ್ತು. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ 9 ಲಕ್ಷ, ಶೇ. 7.4ರಂತೆ ತಿಂಗಳಿಗೆ 5,550. ಪಿಂಚಣಿ 2,100. ಒಟ್ಟು 28,150. ಉಳಿದ 9 ಲಕ್ಷದಲ್ಲಿ 4 ಲಕ್ಷ ಆಸ್ಪತ್ರೆಗೆಂದು ಬ್ಯಾಂಕ್ ಠೇವಣಿ, ಅದನ್ನು ಯಾವ ಲೆಕ್ಕಕ್ಕೂ ಸೇರಿಸಿಲ್ಲ. 2 ಲಕ್ಷ ರೀಟ್‌ನಲ್ಲಿ. ಬಾಡಿಗೆ ಏರಿದಂತೆ ಆ ಪಾಲೂ ಏರಲಿ ಎಂದು. ವರ್ಷಕ್ಕೆ ಶೇಕಡಾ 6 ಬಂದರೆ ತಿಂಗಳಿಗೆ ಸಾವಿರ. ಬರದಿದ್ದರೆ ಅಡುಗೆ ನಿಲ್ಲುವುದಿಲ್ಲ. ಇನ್ನುಳಿದ 3 ಲಕ್ಷ ಕರಗಿಸುವುದಕ್ಕೆಂದೇ ಬೇರೆ ಖಾತೆಯಲ್ಲಿದೆ. ತಿಂಗಳಿಗೆ 2,000 ತೆಗೆದರೆ ಬಡ್ಡಿ ಹಿಡಿಯದೆಯೂ ಹನ್ನೆರಡೂವರೆ ವರ್ಷ ನಡೆಯುತ್ತದೆ.

ಇದು ಪರಿಪೂರ್ಣವಲ್ಲ. ಐದು ವರ್ಷದ ನಂತರ ಉಳಿತಾಯ ಯೋಜನೆಯ ದರ ಎಷ್ಟಿರುತ್ತದೋ ತಿಳಿಯದು. ಬಾಡಿಗೆ, ಔಷಧದ ಬೆಲೆ ಏರುತ್ತದೆ, 20,500 ಏರುವುದಿಲ್ಲ. ಆಗ ಗಂಟಿನಿಂದ ಇನ್ನಷ್ಟು ತೆಗೆಯಬೇಕಾದೀತು. ಅದನ್ನು ಕಾಕುಗೂ ತಮ್ಮನಿಗೂ ಮೊದಲೇ ಹೇಳಿದ್ದೇನೆ. ನೀವು ನಿಮ್ಮವರಿಗಾಗಿ ಇಂಥ ಹಾಳೆ ನೋಡುವಾಗ ಶೇಕಡಾವಾರು ನೋಡುವ ಮೊದಲು ಎರಡು ಕೇಳಿ: ಈ ದುಡ್ಡು ಯಾವ ದುಡಿಮೆಯಿಂದ ಬಂತು, ನಾಳೆ ಬೆಳಿಗ್ಗೆ ಹೊರಬರಬೇಕಾದರೆ ಎಷ್ಟು ಸಿಗುತ್ತದೆ?

ಕಾಕು ಹಳೆಯ ಡೈರಿಯೊಂದರಲ್ಲಿ ಎರಡು ಗೆರೆ ಎಳೆದು ಎರಡು ಕಾಲಂ ಮಾಡಿದ್ದಾಳೆ. ಒಂದರ ಮೇಲೆ ಬಡ್ಡಿ, ಇನ್ನೊಂದರ ಮೇಲೆ ಗಂಟು. ಮೊದಲ ಸಲ ರೀಟ್‌ನ ಹಣ ಬಂದಾಗ ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ ಎಂದು ಫೋನ್ ಮಾಡಿದಳು. ಹಂಚಿಕೆಯ ವಿವರ ತೆರೆದು, ಇಷ್ಟು ಅದರಲ್ಲಿ, ಇಷ್ಟು ಇದರಲ್ಲಿ ಎಂದು ಹೇಳಿದೆ. ಆ ಕಡೆಯಿಂದ ಪೆನ್ನು ಹುಡುಕುವ ಸದ್ದು ಕೇಳಿತು, ಆಮೇಲೆ, "ಹ್ಞಾಂ, ಇನ್ನೊಮ್ಮಿ ಹೇಳು, ಸಾವಕಾಶ."